ಮಲಪ್ರಭೆಯ ತಾಲೂಕುಗಳಲ್ಲಿ ಸೀತಾಳೆ ಸಿಡುಬು ಮತ್ತು ಶಿಶುಲಸಿಕೆಯ ಪ್ರಶ್ನೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭಾ ನದಿಯ ಆಸುಪಾಸಿನ ತಾಲೂಕುಗಳು. ಹಿಂದೆ ಬೈಲಹೊಂಗಲಕ್ಕೆ ಸೇರಿದ್ದ ಕಿತ್ತೂರು ಈಗ ಪ್ರತ್ಯೇಕ ತಾಲೂಕಾಗಿದೆ. ಈ ಸೀಮೆಯಲ್ಲಿ ಮಗುವಿನ ಮೈಮೇಲೆ ಗುಳ್ಳೆಗಳೆದ್ದರೆ ‘ದೇವಿ ಬಂದಿದ್ದಾಳೆ’, ‘ಅಮ್ಮ ಆಗಿದೆ’ ಎನ್ನುವುದು ವಾಡಿಕೆ. ಒಂದೇ ಹೆಸರಿನ ಮರೆಯಲ್ಲಿ ಎರಡು ಭಿನ್ನ ರೋಗಗಳು ಬಹುಕಾಲ ಅಡಗಿದ್ದವು. ಅವುಗಳಲ್ಲೊಂದು ಅಳಿಯಿತು, ಇನ್ನೊಂದು ಉಳಿದಿದೆ. ಉಳಿದುದರ ವಿಷಯದಲ್ಲಿ ಮಾಡತಕ್ಕುದೇನೆಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಅಳಿದುದು ಸಿಡುಬು ಅಥವಾ ಮೈಲಿಬೇನೆ. ಉಳಿದುದು ಚಿಕನ್‌ಪಾಕ್ಸ್ ಎನ್ನಲಾಗುವ ಸೀತಾಳೆ ಸಿಡುಬು. ಇವೆರಡೂ ಬೇರೆ ಬೇರೆಯೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1767ರಲ್ಲಿ ಸ್ಪಷ್ಟಪಡಿಸಿದನು. ಸಿಡುಬಿನ ಗುಳ್ಳೆಗಳು ಮುಖ ಹಾಗೂ ಕೈಕಾಲುಗಳಲ್ಲಿ ದಟ್ಟವಾಗಿದ್ದು, ಒಂದೆಡೆಯಲ್ಲಿರುವವು ಒಂದೇ ಹಂತದಲ್ಲಿರುತ್ತಿದ್ದವು. ಸೀತಾಳೆ ಸಿಡುಬಿನವು ಎದೆ-ಬೆನ್ನುಗಳಲ್ಲಿ ಹೆಚ್ಚಾಗಿ, ತಂಡತಂಡವಾಗಿ ಏಳುತ್ತವೆ. ಕೆಂಪು ಕಲೆ, ನೀರುಗುಳ್ಳೆ, ಹೊಪ್ಪಳೆ ಮೂರೂ ಏಕಕಾಲದಲ್ಲಿ ಕಾಣುತ್ತವೆ. ಸಿಡುಬಿನ ನಿರ್ಮೂಲನದಲ್ಲಿ ಈ ಜಿಲ್ಲೆಯ ಪಾಲೂ ಉಂಟು. ಭಾರತದಲ್ಲಿ ಅದರ ಒಣಲಸಿಕೆಯನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಒಂದು. 1975ರ ಮೇ ತಿಂಗಳ ತರುವಾಯ ಈ ದೇಶದಲ್ಲಿ ಸಿಡುಬು ಕಾಣಲಿಲ್ಲ. 1980ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು.

ಸೀತಾಳೆ ಸಿಡುಬು ವೈರಸ್‌ನಿಂದ ಬರತಕ್ಕ ರೋಗ. ಸೋಂಕು ತಗಲಿದ 10ರಿಂದ 21 ದಿನಗಳಲ್ಲಿ ಅದು ಪ್ರಕಟವಾಗುತ್ತದೆ. ರೋಗಿಯನ್ನು ಒಳಕೋಣೆಯಲ್ಲಿರಿಸಿ, ಬಾಗಿಲಿಗೆ ಬೇವಿನೆಲೆ ಕಟ್ಟಿ, ಪರರನ್ನು ಒಳಗೆ ಬಿಡದಿರುವ ಪದ್ಧತಿಯಲ್ಲಿ ಪ್ರತ್ಯೇಕತೆಯ ತಿಳಿವು ಇದ್ದೇ ಇದೆ. ಆದರೆ ಗುಳ್ಳೆಯೇಳುವ ಒಂದೆರಡು ದಿನ ಮೊದಲೇ ಸೋಂಕು ಹರಡತೊಡಗುವುದರಿಂದ ಅದೊಂದೇ ಸಾಲದು. ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಸೌಮ್ಯ. ವಯಸ್ಕರಲ್ಲಿ, ಗರ್ಭಿಣಿಯರಲ್ಲಿ, ನವಜಾತ ಶಿಶುಗಳಲ್ಲಿ ಶ್ವಾಸಕೋಶದ ಉರಿಯೂತವೇ ಮೊದಲಾದ ಅಪಾಯಗಳಿಗೆ ದಾರಿಮಾಡಬಲ್ಲುದು. ಉಷ್ಣವಲಯದಲ್ಲಿ ಈ ರೋಗ ಶೀತದೇಶಗಳಿಗಿಂತ ಹೆಚ್ಚಿನ ವಯಸ್ಸಿನಲ್ಲಿ ತಗಲುವುದು ಸಾಮಾನ್ಯವಾದುದರಿಂದ ಈ ಭೇದವು ನಮಗೆ ಮುಖ್ಯ.

ಇದರ ಲಸಿಕೆಯನ್ನು ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಸಿದ್ಧಪಡಿಸಿದರು. ಅಮೆರಿಕವು 1995ರಲ್ಲಿ ಅದನ್ನು ಮಕ್ಕಳಿಗೆ ಹಾಕತೊಡಗಿತು. ಭಾರತದಲ್ಲಿ 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು ಕ್ಷಯ, ಪೋಲಿಯೊ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ದಡಾರ ಮೊದಲಾದವುಗಳ ವಿರುದ್ಧ ಉಚಿತವಾಗಿ ರಕ್ಷಣೆ ನೀಡುತ್ತದೆ. 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯೂ ಬಂದಿತು. ಸೀತಾಳೆ ಸಿಡುಬಿನ ಲಸಿಕೆ ಮಾತ್ರ ಆ ಪಟ್ಟಿಯಲ್ಲಿಲ್ಲ. ಹಣ ತೆತ್ತು ಖಾಸಗಿ ವೈದ್ಯರಿಂದ ಹಾಕಿಸಬೇಕು.

ಇಲ್ಲಿಯೇ ವಿಷಯದ ತೊಡಕು ಇರುವುದು. ಯಾರಿಗೂ ಲಸಿಕೆಯಿಲ್ಲದ ಊರಿನಲ್ಲಿ ಹೆಚ್ಚಿನವರಿಗೆ ರೋಗ ಬಾಲ್ಯದಲ್ಲಿಯೇ ಬಂದುಹೋಗುತ್ತದೆ. 40 ಮಕ್ಕಳ ತರಗತಿಯೊಂದರಲ್ಲಿ 20 ಮಂದಿಗೆ ಲಸಿಕೆಯಾಯಿತೆಂದು ಭಾವಿಸೋಣ. ರೋಗದ ಸಂಚಾರ ಕುಗ್ಗಿ, ಉಳಿದ 20 ಮಂದಿಯಲ್ಲಿ ಕೆಲವರು ಬಾಲ್ಯದಲ್ಲಿ ಅದರಿಂದ ತಪ್ಪಿಸಿಕೊಳ್ಳುವರು. ಆದರೆ ಅವರು ರಕ್ಷಣೆಯಿಲ್ಲದೆ ಬೆಳೆದು, ವಸತಿಗೃಹದಲ್ಲಿಯೋ ಬಸುರಿನಲ್ಲಿಯೋ ಅದಕ್ಕೆ ಈಡಾಗಬಹುದು. ಹಣವಿದ್ದವರ ಮಕ್ಕಳಿಗೆ ದೊರೆತ ರಕ್ಷಣೆಯು ಬಡವರ ಅಪಾಯವನ್ನು ಮುಂದಿನ ವಯಸ್ಸಿಗೆ ದೂಡಿದಂತಾಗುವುದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ, ಶೇಕಡ 80ರಷ್ಟು ಮಕ್ಕಳನ್ನು ನಿರಂತರವಾಗಿ ಮುಟ್ಟಬಲ್ಲ ದೇಶಗಳು ಮಾತ್ರ ಇದನ್ನು ಶಿಶುಲಸಿಕೆಗಳಲ್ಲಿ ಸೇರಿಸಬಹುದೆಂದು ಸೂಚಿಸಿತು. ಯಾವ ತಂದೆತಾಯಿಯೂ ಮಗುವಿಗೆ ಲಸಿಕೆ ಹಾಕಿಸಬಾರದೆಂಬುದು ಇದರ ಅರ್ಥವಲ್ಲ. ಲಸಿಕೆ ಪಡೆದ ಮಗುವಿಗೆ ಲಾಭ ನಿಶ್ಚಯ. ರಾಜ್ಯವು ಕೈಹಾಕಿದರೆ ಅರೆಮನಸ್ಸಿನಿಂದ ಹಾಕಬಾರದೆಂಬುದೇ ತಾತ್ಪರ್ಯ.

ಅಂತಹ ನಿರ್ಧಾರಕ್ಕೆ ಮೊದಲು ಲೆಕ್ಕ ಬೇಕು. ರೋಗವು ನಮ್ಮಲ್ಲಿ ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಹೆಚ್ಚು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಜನ ಕೂಡುವುದೂ ಸರಿಸುಮಾರು ಆಗಲೇ. ಮನೆಯಲ್ಲಿಯೇ ಬಂದು ಮನೆಯಲ್ಲಿಯೇ ವಾಸಿಯಾಗುವ ಬೇನೆ ಆಸ್ಪತ್ರೆಯ ಪುಸ್ತಕವನ್ನು ಸೇರುವುದಿಲ್ಲ. ಅದು ನಿಶ್ಚಯವಾಗಿ ಗುರುತುಬಿಡುವ ದಾಖಲೆಯೆಂದರೆ ಶಾಲೆಯ ಹಾಜರಿಪಟ್ಟಿ. ಗೈರುಹಾಜರಿಯ ಮುಂದೆ ಕಾರಣವನ್ನು ಬರೆದು, ಒಂದೇ ವಾರ ಎರಡು ಮೂರು ಮಕ್ಕಳಿಗೆ ಗುಳ್ಳೆಯೆದ್ದ ಸುದ್ದಿಯನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವ ಉಪಾಧ್ಯಾಯರು ಸಂಶೋಧನೆಗೆ ಮೊದಲ ಸಾಮಗ್ರಿಯನ್ನು ಒದಗಿಸಿದಂತಾಗುವುದು. ಸಿಡುಬನ್ನು ಗೆದ್ದುದು ಲಸಿಕೆಯೊಂದರಿಂದಲ್ಲ. ಊರೂರು ತಿರುಗಿ ಪ್ರತಿಯೊಂದು ರೋಗಿಯನ್ನೂ ಎಣಿಸಿದ ಶ್ರಮದಿಂದ. ಆ ಎಣಿಕೆಯನ್ನು ಈ ಕಿರಿಯ ರೋಗಕ್ಕೂ ಅನ್ವಯಿಸುವುದು ನಮ್ಮ ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ.