ಮೂರನೆಯ ಪಕ್ಷಕ್ಕೆ ಎಡೆಯುಂಟೆ?

ಮತ್ತಿಕೆರೆಯ ದೊಡ್ಡ ಉದ್ಯಾನಕ್ಕೆ ಜಯಪ್ರಕಾಶ ನಾರಾಯಣರ ಹೆಸರಿಟ್ಟಿರುವುದು ನಮ್ಮ ಕೇಳುಗರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಚುನಾವಣೆ ಸಮೀಪಿಸಿದಾಗ ಅಲ್ಲಿ ಬೆಳಗಿನ ಹೊತ್ತು ತಿರುಗಾಡುವವರ ಬಾಯಲ್ಲಿ ಒಂದು ಮಾತು ಕೇಳಿಬರುವುದುಂಟು: ಮೂರನೆಯ ಪಕ್ಷದವನು ಒಳ್ಳೆಯವನೇ ಇರಬಹುದು, ಆದರೆ ಅವನಿಗೆ ಹಾಕಿದ ಓಟು ಕೆರೆಗೆ ಎಸೆದ ಕಲ್ಲು. 1977ರಲ್ಲಿ ಜನತಾ ಪಕ್ಷದ ಹುಟ್ಟಿಗೆ ಕಾರಣರಾದ ಮಹನೀಯರ ಹೆಸರಿನ ನೆರಳಿನಲ್ಲಿಯೇ ಈ ಮಾತು ನಡೆಯುವುದು ಸ್ವಲ್ಪ ವಿನೋದವೇ ಸರಿ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು, ಎರಡು ಪಕ್ಷಗಳಿಗೇ ಹೆಸರಾದ ಅಮೆರಿಕವನ್ನೂ ನಮ್ಮ ಕರ್ನಾಟಕವನ್ನೂ ಪಕ್ಕಪಕ್ಕದಲ್ಲಿಟ್ಟು ವಿಚಾರಿಸೋಣ.

ಎರಡು ಕಡೆಯೂ ಸಾಮಾನ್ಯವಾದ ನಿಯಮವೊಂದೇ: ಉಳಿದ ಪ್ರತಿಯೊಬ್ಬನಿಗಿಂತಲೂ ಒಂದು ಮತ ಹೆಚ್ಚಾಗಿ ಪಡೆದವನು ಗೆದ್ದಂತೆ; ಮಿಕ್ಕವರಿಗೆ ಬಿದ್ದ ಮತಗಳಿಂದ ಯಾವ ಸ್ಥಾನವೂ ದೊರೆಯದು. ಇಂಥ ಪದ್ಧತಿ ರಾಜಕೀಯವನ್ನು ಎರಡು ಪಕ್ಷಗಳ ಕಡೆಗೆ ವಾಲಿಸುತ್ತದೆಂದು ಫ್ರಾನ್ಸಿನ ವಿದ್ವಾಂಸ ಮೋರಿಸ್ ದ್ಯುವೆರ್ಜೆ 1951ರಲ್ಲಿ ಪ್ರತಿಪಾದಿಸಿದನು. ಆದರೆ ಮತಗಳು ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಅವು ಎಲ್ಲಿ ಬಿದ್ದವು ಎಂಬುದು. ಅಮೆರಿಕದಲ್ಲಿ ಅಧ್ಯಕ್ಷನನ್ನು ಆರಿಸುವವರು 538 ಮಂದಿ ಚುನಾಯಕರು. ಒಂದು ಸಂಸ್ಥಾನದಲ್ಲಿ ಮುಂದಿದ್ದವನಿಗೆ ಅಲ್ಲಿಯ ಚುನಾಯಕರೆಲ್ಲರೂ ಸಲ್ಲುತ್ತಾರೆ. ಮೇನ್, ನೆಬ್ರಾಸ್ಕಗಳು ಮಾತ್ರ ಇದಕ್ಕೆ ಹೊರತು. 1992ರಲ್ಲಿ ರಾಸ್ ಪೆರೋ ಎಂಬ ಧನಿಕನು ದೇಶದಾದ್ಯಂತ ನೂರಕ್ಕೆ 19ರಷ್ಟು ಮತ ಗಳಿಸಿಯೂ ಒಬ್ಬ ಚುನಾಯಕನನ್ನೂ ಪಡೆಯಲಿಲ್ಲ. 1968ರಲ್ಲಿ ಜಾರ್ಜ್ ವಾಲೆಸನಿಗೆ ಬಂದದ್ದು ನೂರಕ್ಕೆ ಹದಿಮೂರೂವರೆ. ಆದರೆ ಅವು ದಕ್ಷಿಣದಲ್ಲಿ ಗುಡ್ಡೆಯಾಗಿ ಬಿದ್ದುದರಿಂದ ಐದು ಸಂಸ್ಥಾನಗಳೂ 46 ಚುನಾಯಕರೂ ಅವನ ಪಾಲಾದರು. ವರ್ಣಭೇದವನ್ನು ಎತ್ತಿಹಿಡಿದ ಅವನ ಪಕ್ಷ ನಮಗೆ ಆದರ್ಶವೆಂದು ಈ ಮಾತಿನ ಅರ್ಥವಲ್ಲ. ಲೆಕ್ಕದ ರೀತಿಯನ್ನಷ್ಟೇ ತೋರಿಸುತ್ತಿದ್ದೇವೆ.

ಇದೇ ಲೆಕ್ಕ ನಮ್ಮಲ್ಲಿಯೂ ನಡೆದಿದೆ. 2013ರ ವಿಧಾನಸಭಾ ಚುನಾವಣೆಯಲ್ಲಿ ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷಕ್ಕೆ ನೂರಕ್ಕೆ ಹತ್ತರ ಸಮೀಪ ಮತ ಬಂದರೂ ಸ್ಥಾನಗಳು ಆರೇ. ಅದರ ಎರಡರಷ್ಟು ಮತ ಪಡೆದ ಜಾತ್ಯತೀತ ಜನತಾ ದಳಕ್ಕೆ ಮಾತ್ರ 40 ಸ್ಥಾನ. ಹಾಸನ, ಮಂಡ್ಯ ಮೊದಲಾದ ಹಳೆಯ ಮೈಸೂರಿನ ಜಿಲ್ಲೆಗಳು ಅದಕ್ಕೆ ಕೋಟೆಯಂತಿದ್ದವು. 1912ರಲ್ಲಿ ತನ್ನ ಪಕ್ಷದಿಂದ ಸಿಡಿದು ನಿಂತ ಥಿಯೊಡೋರ್ ರೂಸ್‌ವೆಲ್ಟನು ಮಾಡಿದ್ದೂ ಯಡಿಯೂರಪ್ಪನವರು ಮಾಡಿದ್ದೂ ಹೆಚ್ಚು ಬೇರೆಯಲ್ಲ: ಹಳೆಯ ಮನೆಯನ್ನು ಸೋಲಿಸಿ, ಎದುರಾಳಿಗೆ ಹಾದಿಮಾಡಿಕೊಟ್ಟು, ಕೆಲಕಾಲದ ಬಳಿಕ ಅದೇ ಮನೆಗೆ ಹಿಂದಿರುಗಿದರು.

ಹಾಗಾದರೆ ಮೂರನೆಯದು ಎಂದಿಗೂ ಮೊದಲನೆಯದಾಗದೆ? ಆಗುತ್ತದೆ, ಆದರೆ ಎರಡನೆಯದು ಕುಸಿದು ಜಾಗ ತೆರವಾಗಬೇಕು. ಗುಲಾಮಗಿರಿಯ ಪ್ರಶ್ನೆಯಲ್ಲಿ ವಿಗ್ ಪಕ್ಷ ಒಡೆದುಹೋದಾಗ, 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಆರೇ ವರ್ಷಗಳಲ್ಲಿ ಲಿಂಕನ್ನನನ್ನು ಅಧ್ಯಕ್ಷನನ್ನಾಗಿ ಮಾಡಿತು. ಕರ್ನಾಟಕದಲ್ಲಿ 1983ರಲ್ಲಿ ಜನತಾ ಪಕ್ಷವೂ ಕ್ರಾಂತಿರಂಗವೂ ಕೂಡಿ 95 ಸ್ಥಾನ ಗೆದ್ದು, ರಾಮಕೃಷ್ಣ ಹೆಗಡೆಯವರು ಮೊದಲ ಕಾಂಗ್ರೆಸ್ಸೇತರ ಮಂತ್ರಿಮಂಡಲವನ್ನು ರಚಿಸಿದಾಗ, ಹೊರಗಿನಿಂದ ಬೆಂಬಲವಿತ್ತ ಭಾರತೀಯ ಜನತಾ ಪಕ್ಷ 18 ಸ್ಥಾನಗಳ ಮೂರನೆಯ ಪಕ್ಷ. 1985ರಲ್ಲಿ ಅದು ಎರಡಕ್ಕೆ ಇಳಿಯಿತು, 1989ರಲ್ಲಿ ನಾಲ್ಕು. 1994ರಲ್ಲಿ 40ಕ್ಕೆ ಏರಿತು. 1999ರಲ್ಲಿ ಜನತಾ ದಳ ಇಬ್ಭಾಗವಾಗಿ, ಒಂದು ಪಾಲಿಗೆ 18, ಇನ್ನೊಂದಕ್ಕೆ ಹತ್ತು ಸ್ಥಾನ ಉಳಿದಾಗ ತೆರವಾದ ಜಾಗ ಯಾರದಾಯಿತೆಂಬುದನ್ನು 2004ರ ಫಲಿತಾಂಶ ಹೇಳಿತು: ಭಾ.ಜ.ಪ.ಕ್ಕೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ದಳಕ್ಕೆ 58. ಆಳಿದವರ ವಾರಸುದಾರರೇ ಮೂರನೆಯವರಾದರು.

ಆದರೂ ಒಂದು ದೊಡ್ಡ ಭೇದವುಂಟು. ಅಮೆರಿಕದ ಅಧ್ಯಕ್ಷಪದವಿಯನ್ನು ಹಂಚಿಕೊಳ್ಳಲು ಬಾರದು; ಯಾರಿಗೂ ಬಹುಮತ ಬಾರದಿದ್ದರೆ ಪ್ರತಿನಿಧಿಸಭೆಯಲ್ಲಿ ಸಂಸ್ಥಾನಕ್ಕೊಂದು ಮತದಂತೆ ತೀರ್ಮಾನವಾಗುತ್ತದೆ. ನಮ್ಮಲ್ಲಿಯೋ, ಶಾಸಕರ ತಲೆಯೆಣಿಕೆಯಿಂದಲೇ ಸರ್ಕಾರ. 2018ರಲ್ಲಿ 37 ಸ್ಥಾನಗಳ ದಳದ ಕುಮಾರಸ್ವಾಮಿಯವರು ಕಾಂಗ್ರೆಸ್ಸಿನ ಬೆಂಬಲದಿಂದ ಮುಖ್ಯಮಂತ್ರಿಗಳಾದರು. ಪೆರೋ ಕನಸಿನಲ್ಲಿಯೂ ಕಾಣದ ಭಾಗ್ಯವಿದು! ಹದಿನಾಲ್ಕು ತಿಂಗಳಲ್ಲಿ ಆ ಸರ್ಕಾರ ಬಿದ್ದಿತು. ಬೀಳಿಸಿದವರಲ್ಲಿ ದಳದ ಶಾಸಕರೂ ಇದ್ದರು. ಮತ್ತಿಕೆರೆಗೆ ದೂರವಲ್ಲದ ಮಹಾಲಕ್ಷ್ಮಿ ಬಡಾವಣೆಯಲ್ಲಿ ದಳದಿಂದ ಎರಡು ಸಲ ಗೆದ್ದಿದ್ದ ಗೋಪಾಲಯ್ಯನವರು ಅದೇ 2019ರ ಉಪಚುನಾವಣೆಯಲ್ಲಿ ಭಾ.ಜ.ಪ.ದಿಂದ ಗೆದ್ದರು. 2023ರಲ್ಲಿ ದಳಕ್ಕೆ ಉಳಿದದ್ದು 19 ಸ್ಥಾನ.

ಮತ್ತಿಕೆರೆ ವಾರ್ಡು ಸೇರಿದ ಮಲ್ಲೇಶ್ವರ ಕ್ಷೇತ್ರವನ್ನು 2008ರಿಂದ 2023ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಭಾ.ಜ.ಪ. ಗೆದ್ದಿತು, ಎದುರಿಗೆ ನಿಂತ ಮುಖ್ಯ ಪಕ್ಷ ಕಾಂಗ್ರೆಸ್. ಯಶವಂತಪುರ ಕ್ಷೇತ್ರದಲ್ಲಾದರೋ 2018, 2019, 2023 ಮೂರು ಸಲವೂ ದಳವೇ ಎರಡನೆಯದು. (ಕ್ಷೇತ್ರದ ಹೆಸರು ಯಶವಂತಪುರವಾದರೂ ಅದರ ಬಹುಭಾಗ ಕೆಂಗೇರಿಯ ಕಡೆಗಿದೆ.) ಆದಕಾರಣ ಕೆರೆಗೆ ಎಸೆದ ಕಲ್ಲೆಂಬ ಮಾತು ಒಂದೇ ನಗರದಲ್ಲಿ ಒಂದು ಕಡೆ ದಿಟ, ಇನ್ನೊಂದು ಕಡೆ ಸಟೆ. ಇನ್ನು ಮೈತ್ರಿಯ ಬೆಲೆ: 2019ರ ಲೋಕಸಭಾ ಚುನಾವಣೆಯಲ್ಲಿ ದಳ ಕಾಂಗ್ರೆಸ್ಸಿನ ಜೊತೆಗಿತ್ತು, 2024ರಲ್ಲಿ ಭಾ.ಜ.ಪ.ದ ಜೊತೆಗೆ. ಬೆಂಗಳೂರು ಉತ್ತರ ಕ್ಷೇತ್ರವು ಎರಡು ಸಲವೂ ಜೊತೆಗಾರನ ಪಾಲಾಯಿತು. ಮತ್ತಿಕೆರೆಯಲ್ಲಿ ದಳವನ್ನು ನಚ್ಚಿದ್ದ ಮತದಾರನು ಮತಯಂತ್ರದ ಮುಂದೆ ನಿಂತು ತೆನೆ ಹೊತ್ತ ಮಹಿಳೆಯ ಚಿಹ್ನೆಯನ್ನು ಹುಡುಕಿದ್ದರೆ, ಎರಡು ಸಲವೂ ಅದು ಅಲ್ಲಿ ಇರಲಿಲ್ಲ.