ಗಾಯಕ್ಕೆ ಲೆಕ್ಕ ಬರೆಯುವ ವಕೀಲರು

ಠಾಣೆಯ ಖಾಡಿಯ ಎರಡು ದಡಗಳಲ್ಲಿಯೂ, ಅಲ್ಲಿಂದ ಮುಂಬ್ರಾ, ಡೊಂಬಿವಲಿಗಳನ್ನು ಹಾಯ್ದು ಕಲ್ಯಾಣದವರೆಗೂ, 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಹುಟ್ಟಿದ ಮೇಲೆ ಒಂದರ ಬೆನ್ನಿಗೊಂದಾಗಿ ಬೆಳೆದು ನಿಂತ ಕಾರ್ಖಾನೆಗಳನ್ನು ಬಲ್ಲವರು ಬಹಳ ಮಂದಿ. ಆ ಕಾರ್ಖಾನೆಗಳಲ್ಲಿ ತುಂಡಾದ ಬೆರಳಿಗೂ ನಂದಿಹೋದ ಕಣ್ಣಿಗೂ ಸವೆದ ಶ್ವಾಸಕೋಶಕ್ಕೂ ನ್ಯಾಯಾಲಯದಲ್ಲಿ ಬೆಲೆ ಕೇಳುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿರುವ ವಕೀಲವರ್ಗವೊಂದು ಉಂಟೆಂಬುದು ಮಾತ್ರ, ತಮ್ಮ ಮನೆಗೇ ಆಪತ್ತು ಬಂದೆರಗುವವರೆಗೆ ಹೆಚ್ಚಿನವರಿಗೆ ತಿಳಿಯದು. ಕರಾವಳಿಯಿಂದಲೂ ವಿಜಾಪುರ, ಕಲಬುರ್ಗಿಗಳ ಕಡೆಯಿಂದಲೂ ಹೊಟ್ಟೆಪಾಡಿಗೆಂದು ಬಂದು ಇಲ್ಲಿ ನೆಲೆಯೂರಿದ ಕನ್ನಡಿಗರು ಇವರನ್ನು ಕ್ಲೇಮಿನ ವಕೀಲರೆಂದು ಕರೆಯುವರು.

ಇಂಗ್ಲೆಂಡಿನಲ್ಲಿ ಈ ಕೆಲಸವು ಬಹುಮಟ್ಟಿಗೆ ಇಬ್ಬರಲ್ಲಿ ಹಂಚಿಹೋಗಿದೆ: ಕಕ್ಷಿಗಾರನ ಮಾತು ಕೇಳಿ ಸಾಕ್ಷ್ಯ ಕೂಡಿಸುವವನು ಸಾಲಿಸಿಟರು, ಅದನ್ನು ಹಿಡಿದು ವಾದಿಸುವವನು ಬ್ಯಾರಿಸ್ಟರು. 1961ರ ವಕೀಲರ ಕಾಯಿದೆಯ ಕೆಳಗೆ ನಮ್ಮಲ್ಲಿ ಇರುವುದು ಒಂದೇ ವರ್ಗ. ಆದುದರಿಂದ ಠಾಣೆಯ ಅಥವಾ ಕಲ್ಯಾಣದ ವಕೀಲನು ಎರಡು ಪಾತ್ರಗಳನ್ನೂ ತಾನೇ ವಹಿಸಬೇಕಾಗುತ್ತದೆ. ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನು ವಕೀಲ ಪರಿಷತ್ತಿನ ನಿಯಮವು ನಿಷೇಧಿಸಿರುವುದರಿಂದ ಆ ಪ್ರಲೋಭನಕ್ಕೂ ಅವನು ಒಳಗಾಗಕೂಡದು. ಜನರು ಅವನ ವಾಗ್ಮಿತೆಯನ್ನು ಕೊಂಡಾಡಿದರೂ, ಅವನ ವಿದ್ಯೆಯ ಸತ್ತ್ವವಿರುವುದು ಸಕಾಲದಲ್ಲಿ ಸರಿಯಾದ ಕಾಗದವನ್ನು ಕೈಗೆ ತಂದುಕೊಳ್ಳುವುದರಲ್ಲಿ.

ಅಪಘಾತದ ಮೊಕದ್ದಮೆಗಳಿಗೆ ನೂರು ವರ್ಷಗಳ ಕಾಲ ಆಧಾರವಾಗಿದ್ದುದು 1923ರ ಕಾಮಗಾರರ ಪರಿಹಾರ ಕಾಯಿದೆ. ಯಜಮಾನನ ತಪ್ಪನ್ನು ಕಾಮಗಾರನು ರುಜುವಾತುಪಡಿಸಬೇಕಾಗಿಲ್ಲ, ಕೆಲಸದಿಂದಾಗಿಯೂ ಕೆಲಸದ ವೇಳೆಯಲ್ಲಿಯೂ ಪೆಟ್ಟಾಯಿತೆಂದು ತೋರಿಸಿದರೆ ಸಾಕು ಎಂಬ ಉದಾರ ತತ್ತ್ವವನ್ನು ಅದು ಅಂಗೀಕರಿಸಿತ್ತು. ಅದರ ಮೊದಲನೆಯ ಅನುಸೂಚಿಯಲ್ಲಿ ಮಾನವದೇಹವನ್ನು ಅಂಗಾಂಗವಾಗಿ ವಿಂಗಡಿಸಿ ಬೆಲೆ ಕಟ್ಟಿತ್ತು: ಹೆಬ್ಬೆರಳಿಗೆ ನೂರಕ್ಕೆ 30, ತೋರುಬೆರಳಿಗೆ 14, ಇನ್ನೊಂದು ನೆಟ್ಟಗಿರುವಾಗ ಹೋದ ಒಂದು ಕಣ್ಣಿಗೆ 40. ಮೂವತ್ತು ವರ್ಷದ ಕಾಮಗಾರನು ಹೆಬ್ಬೆರಳು ಕಳೆದುಕೊಂಡನೆನ್ನೋಣ. 2020ರಲ್ಲಿ ನಿಗದಿಯಾದ 15,000 ರೂಪಾಯಿ ವೇತನಮಿತಿಯಲ್ಲಿ ನೂರಕ್ಕೆ ಅರುವತ್ತನ್ನು ಅವನ ವಯಸ್ಸಿಗೆ ಗೊತ್ತಾದ 207.98ರಿಂದ ಗುಣಿಸಿ, ಬಂದುದರಲ್ಲಿ ನೂರಕ್ಕೆ ಮೂವತ್ತನ್ನು ತೆಗೆದರೆ 5,61,546 ರೂಪಾಯಿ. ಇಲ್ಲಿ ವಕೀಲನಿಗೇನು ಕೆಲಸವೆಂದು ಕೇಳಬಹುದು. ಅನುಸೂಚಿಯು ಬೆರಳನ್ನು ಕಂಡಿದೆಯೇ ಹೊರತು ಆ ಬೆರಳನ್ನು ನಂಬಿದ್ದ ಕಸುಬನ್ನು ಕಂಡಿಲ್ಲವೆಂದು ತೋರಿಸುವುದೇ ಅವನ ಕೆಲಸ. ಎಡಗೈಯನ್ನು ಮೊಣಕೈಯ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿತನ ಸಾಧ್ಯವಿಲ್ಲವಾದ್ದರಿಂದ ಅವನ ನಷ್ಟವು ಸಂಪೂರ್ಣವೇ ಸರಿಯೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. 1976ರಲ್ಲಿ ವರದಿಯಾದ ಆ ತೀರ್ಪು ಇಂದಿಗೂ ಈ ವಕೀಲರ ನಾಲಗೆಯ ತುದಿಯಲ್ಲಿದೆ.

ಇದೆಲ್ಲಕ್ಕಿಂತ ಮೊದಲು ಗೆಲ್ಲಬೇಕಾದ ಪ್ರಶ್ನೆ ಬೇರೆಯೇ ಒಂದಿದೆ: ಗಾಯಗೊಂಡವನು ಆ ಕಾರ್ಖಾನೆಯ ಆಳೇ ಎಂಬುದು. ಠೇಕೇದಾರನ ಮೂಲಕ ಬಂದವನ ಹೆಸರು ಮಸ್ಟರಿನಲ್ಲಿ ಇಲ್ಲದಿರುವುದೇ ವಾಡಿಕೆ. ಠೇಕೇದಾರನ ಆಳಿಗೂ ಮೂಲ ಯಜಮಾನನೇ ಹೊಣೆಯೆಂದು ಕಾಯಿದೆಯ 12ನೆಯ ಕಲಮು ಹೇಳಿದ್ದರೂ, ಆಳು ಅಲ್ಲಿದ್ದನೆಂಬುದಕ್ಕೆ ಗೇಟ್ ಪಾಸೋ ಹಾಜರಿಚೀಟಿಯೋ ಬೇಕು. ಅವನು ಕಾರ್ಮಿಕರ ರಾಜ್ಯ ವಿಮೆಗೆ (ಇ.ಎಸ್.ಐ.) ಒಳಪಟ್ಟವನಾಗಿದ್ದರೆ ಪರಿಹಾರ ಕಾಯಿದೆಯ ಬಾಗಿಲು ಮುಚ್ಚುತ್ತಿತ್ತು. ಆಗ ವಿಮಾ ನಿಗಮದ ಅಂಗವೈಕಲ್ಯ ಭತ್ಯವೇ ಗತಿ.

ಕಾರ್ಖಾನೆಯನ್ನು ತಲಪುವ ಮುನ್ನವೇ ಒದಗುವ ಅಪಾಯವೆಂದರೆ ಲೋಕಲ್ ಗಾಡಿಯದು. 2025ರ ಜೂನ್ 9ರಂದು ಮುಂಬ್ರಾದ ಬಳಿ ಕಿಕ್ಕಿರಿದ ಗಾಡಿಗಳಿಂದ ಪ್ರಯಾಣಿಕರು ಉರುಳಿ ಬಿದ್ದು ಸತ್ತರು. ಇಂತಹ ಪತನಕ್ಕೆ 1989ರ ರೈಲ್ವೆ ಕಾಯಿದೆಯ 124ಎ ಕಲಮಿನಂತೆ, ಇಲಾಖೆಯ ತಪ್ಪಿರಲಿ ಇಲ್ಲದಿರಲಿ, ಪರಿಹಾರವುಂಟು; 2017ರಿಂದ ಒಂದು ಜೀವಕ್ಕೆ 8 ಲಕ್ಷ ರೂಪಾಯಿ. ಶವದ ಮೇಲೆ ಟಿಕೇಟು ಸಿಗಲಿಲ್ಲವೆಂಬುದೊಂದೇ ಕಾರಣದಿಂದ ಕ್ಲೇಮನ್ನು ತಳ್ಳಲಾಗದೆಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ ಮೇಲೆ ಎಷ್ಟೋ ವಿಧವೆಯರ ಹಾದಿ ಸುಗಮವಾಯಿತು.

ಸಾವಿರಾರು ಜನರಿಗೆ ಒಮ್ಮೆಗೇ ಹಾನಿಯಾದಾಗ ವ್ಯಾಜ್ಯದ ಸ್ವರೂಪವೇ ಬದಲಾಗುತ್ತದೆ. 2016ರ ಮೇ 26ರಂದು ಡೊಂಬಿವಲಿಯ ಪ್ರೋಬೇಸ್ ಕಾರ್ಖಾನೆಯಲ್ಲಿ ಆದ ಸ್ಫೋಟದಲ್ಲಿ ಹನ್ನೆರಡು ಮಂದಿ ಮಡಿದು, ಸುತ್ತಣ ವಸತಿಗಳ ಕಿಟಕಿ ಗಾಜುಗಳು ಪುಡಿಯಾದುವು. ಎಂಟು ವರ್ಷಗಳ ತರುವಾಯ, 2024ರ ಮೇ 23ರಂದು, ಅದೇ ಪ್ರದೇಶದ ಅಮುದಾನ್ ಕೆಮಿಕಲ್ಸಿನಲ್ಲಿ ಸ್ಫೋಟವಾದಾಗ ಸತ್ತವರಲ್ಲಿ ಕೆಲವರನ್ನು ಡಿ.ಎನ್.ಎ. ಪರೀಕ್ಷೆಯಿಂದ ಗುರುತಿಸಬೇಕಾಯಿತು. ಅಪಾಯಕರ ಉದ್ಯಮ ನಡೆಸುವವನು ಯಾವ ನೆಪವನ್ನೂ ಮುಂದೊಡ್ಡದೆ ಹಾನಿಯನ್ನು ತೆರಬೇಕೆಂಬ ಪೂರ್ಣ ಹೊಣೆಗಾರಿಕೆಯ ಸೂತ್ರವನ್ನು, ದಿಲ್ಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು 1986ರಲ್ಲಿಯೇ ಸಾರಿತ್ತು. ಒಬ್ಬನೇ ಅನೇಕರ ಪರವಾಗಿ ದಾವೆ ಹೂಡುವ ಮಾರ್ಗವೂ, 2010ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮಾರ್ಗವೂ ತೆರೆದಿವೆ. ಸಾಮೂಹಿಕ ಹೋರಾಟದಿಂದ ಏನಾದೀತೆಂಬುದಕ್ಕೆ ಕಾಸರಗೋಡೇ ನಿದರ್ಶನ. ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ನೊಂದವರಿಗೆ ತಲಾ 5 ಲಕ್ಷ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಆದರೆ ಅಂತಹ ಹೋರಾಟದಲ್ಲಿಯೂ ಪ್ರತಿಯೊಬ್ಬನ ಪಂಚನಾಮೆ, ಪ್ರತಿಯೊಬ್ಬನ ವೈದ್ಯಕೀಯ ಪತ್ರ ಪ್ರತ್ಯೇಕವಾಗಿಯೇ ಸಿದ್ಧವಾಗಬೇಕು.

ಸ್ಫೋಟಕ್ಕೆ ಊರೆಲ್ಲ ಸಾಕ್ಷಿ. ವ್ಯಾಧಿಗೆ ಸಾಕ್ಷಿಯೇ ಇಲ್ಲ. ಈ ವಕೀಲನ ಯೋಗ್ಯತೆ ನಿಜವಾಗಿ ಒರೆಗೆ ಹತ್ತುವುದು ಅಲ್ಲಿಯೇ. ಸೀಸ, ಪಾದರಸ, ಬೆಂಜೀನ್, ರೇಯಾನ್ ತಯಾರಿಕೆಯಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್, ಹತ್ತಿಯ ಧೂಳು, ಆಸ್ಬೆಸ್ಟಾಸ್, ಕಿವಿಗೆಡಿಸುವ ಸದ್ದು ಇವುಗಳಿಂದ ಬರುವ ರೋಗಗಳನ್ನು 1923ರ ಪರಿಹಾರ ಕಾಯಿದೆಯ ಮೂರನೆಯ ಅನುಸೂಚಿಯು ಅಪಘಾತಕ್ಕೆ ಸಮನಾಗಿ ಎಣಿಸಿತ್ತು. ಆದರೆ ಆಸ್ಬೆಸ್ಟಾಸಿನ ನಾರು ಎದೆಯಲ್ಲಿ ಹೊಕ್ಕು ರೋಗವಾಗಿ ಕಾಣಿಸಿಕೊಳ್ಳುವಷ್ಟರಲ್ಲಿ ದಶಕಗಳು ಕಳೆದು, ಕಂಪನಿ ಮುಚ್ಚಿ, ರಿಜಿಸ್ಟರುಗಳು ರದ್ದಿಗೆ ಹೋಗಿ, ರೋಗಿಯು ಕ್ಷಯದ ಔಷಧವನ್ನೇ ವರ್ಷಗಟ್ಟಲೆ ನುಂಗಿರುವುದೂ ಉಂಟು. 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾಮಗಾರನ ಆರೋಗ್ಯವು ಜೀವಿಸುವ ಹಕ್ಕಿನ ಅಂಗವೇ ಎಂದು ಸಾರಿ, ಆಸ್ಬೆಸ್ಟಾಸ್ ಕಾರ್ಖಾನೆಗಳು ಅವನು ಕೆಲಸ ಬಿಟ್ಟ ಬಳಿಕವೂ ಆರೋಗ್ಯದ ದಾಖಲೆಗಳನ್ನು ಕಾಪಾಡಬೇಕೆಂದು ಆದೇಶಿಸಿದ್ದರ ಮರ್ಮವೂ ಇದೇ.

2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದು ಹಳೆಯ ಪರಿಹಾರ ಕಾಯಿದೆಯ ಸ್ಥಾನವನ್ನು ಪಡೆಯಿತು. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ ಈಗ ಪರಿಹಾರದ ವ್ಯಾಪ್ತಿಯೊಳಗೆ ಬಂದಿದೆ. ಕಾಯಿದೆ ಬದಲಾದರೂ ಕಾಗದದ ಅಗತ್ಯ ಬದಲಾಗದು. ಔದ್ಯೋಗಿಕ ರೋಗವನ್ನು ಕಂಡ ವೈದ್ಯನು ಕಾರ್ಖಾನೆಗಳ ಮುಖ್ಯ ನಿರೀಕ್ಷಕರಿಗೆ ತಿಳಿಸತಕ್ಕದ್ದೆಂದು 1948ರ ಕಾರ್ಖಾನೆಗಳ ಕಾಯಿದೆಯ 89ನೆಯ ಕಲಮು ವಿಧಿಸಿತ್ತು. ಡೊಂಬಿವಲಿಯ, ತುರ್ಭೆಯ, ಕಲ್ಯಾಣದ ದವಾಖಾನೆಗಳಲ್ಲಿ ಕೆಮ್ಮುತ್ತ ಬಂದವನನ್ನು ‘ಏನು ಕೆಲಸ ಮಾಡುತ್ತೀ, ಎಷ್ಟು ವರ್ಷದಿಂದ?’ ಎಂದು ಕೇಳಿ ಉತ್ತರವನ್ನು ಕೇಸ್ ಪೇಪರಿನಲ್ಲಿ ಬರೆದಿಡುವ ಪದ್ಧತಿಯೊಂದು ಬೇರೂರಿದರೆ, ವಕೀಲನ ಕೆಲಸದಲ್ಲಿ ಅರ್ಧವನ್ನು ವೈದ್ಯನೇ ಮಾಡಿಕೊಟ್ಟಂತಾಗುವುದು.