ನಿಮಗಿದು ಗೊತ್ತೇ? ನಿಮ್ಮ ಮುಖ, ನಿಮ್ಮ ಬ್ರ್ಯಾಂಡು, ಜತೆಗೊಂದಿಷ್ಟು ಎಐ!

ಚಿತ್ತಾಪುರ ಸೀಮೆಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಒಬ್ಬ ದೊರೆಯ ‘ಪ್ರೊಫೈಲ್ ಚಿತ್ರ’ ಹೆಸರಿನ ಸಮೇತ ತಯಾರಾಗಿತ್ತು! ಭೀಮಾ ನದಿಯ ದಂಡೆ, ಸನ್ನತಿಯ ಪಕ್ಕದ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದರು. ಒಂದಿಡೀ ಬೌದ್ಧ ಸ್ತೂಪವೇ ಹೊರಬಿತ್ತು. ಅದರಲ್ಲೊಂದು ಸುಣ್ಣದಕಲ್ಲಿನ ಚಪ್ಪಡಿ. ಅದರ ಮೇಲೆ ರಾಜ, ರಾಣಿ, ಛತ್ರಿ ಚಾಮರ ಹಿಡಿದ ಪರಿಚಾರಿಕೆಯರು. ಜತೆಗೆ ಬ್ರಾಹ್ಮಿ ಲಿಪಿಯಲ್ಲಿ ಎರಡೇ ಪದ: ‘ರಾಯ ಅಸೋಕೊ’. ಹೌದು, ಸಾಕ್ಷಾತ್ ಅಶೋಕ ಚಕ್ರವರ್ತಿ!

ತಾಳಿ, ಇನ್ನೂ ಇದೆ. ಆ ಶಿಲ್ಪಿ ಅಶೋಕನನ್ನು ಕಂಡವನೇ ಅಲ್ಲ! ಅಶೋಕ ತೀರಿಕೊಂಡು ಶತಮಾನಗಳು ಕಳೆದ ಮೇಲೆ ಕೆತ್ತಿದ ಚಿತ್ರವಿದು. ಮುಖ ಶಿಲ್ಪಿಯ ಊಹೆ. ಗುರುತು ಕೊಟ್ಟದ್ದು ಆ ಎರಡು ಪದ. ಅವು ಇಲ್ಲದಿದ್ದರೆ ‘ಯಾರೋ ಒಬ್ಬ ರಾಜ’ ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ನಿಮ್ಮ ಫೋಟೊದ ಕೆಳಗೆ ಹೆಸರು, ಕೆಲಸ, ಊರು ಬರೆಯುತ್ತೀರಾ? ಇಲ್ಲವಾದರೆ ಇಂದೇ ಬರೆಯಿರಿ!

ಇನ್ನೊಂದು ಸೋಜಿಗ. ಶಾಸನಗಳ ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಎಂದು ಹೆಸರು ಹಿಡಿದು ಮೊದಲು ತೋರಿಸಿಕೊಟ್ಟದ್ದು ರಾಯಚೂರು ಜಿಲ್ಲೆಯ ಮಸ್ಕಿ ಶಾಸನ. ಅದು ಸಿಕ್ಕಿದ್ದು 1915ರಲ್ಲಿ. ಹೆಸರು ಮಸ್ಕಿಯಲ್ಲಿ, ಮುಖ ಕನಗನಹಳ್ಳಿಯಲ್ಲಿ. ಎರಡೂ ನಮ್ಮ ಕಲ್ಯಾಣ ಕರ್ನಾಟಕದಲ್ಲೇ!

ಶಾತವಾಹನ ದೊರೆಗಳಂತೂ ಇನ್ನೂ ಜಾಣರು. ತಮ್ಮ ಮುಖವನ್ನು ಬೆಳ್ಳಿ ನಾಣ್ಯದ ಮೇಲೇ ಅಚ್ಚು ಹಾಕಿಸಿದರು. ದುಡ್ಡು ಹೋದಲ್ಲೆಲ್ಲ ದೊರೆಯ ಮುಖವೂ ಹೋಯಿತು!

ಜಗತ್ತಿನ ಮೊದಮೊದಲ ಸೆಲ್ಫಿ ಯಾವ ವರ್ಷದ್ದು, ಹೇಳಿ ನೋಡೋಣ? 1839! ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬಾತ ಕ್ಯಾಮೆರಾ ತೆರೆದಿಟ್ಟು, ತಾನೇ ಓಡಿಹೋಗಿ ಎದುರಿಗೆ ಅಲುಗಾಡದೆ ನಿಂತ. ತಲೆಗೂದಲು ಕೆದರಿದೆ, ಚಿತ್ರದ ನಟ್ಟನಡುವೆಯೂ ಅವನಿಲ್ಲ. ಆದರೂ ಇವತ್ತು ನೋಡಿದರೆ ನಿನ್ನೆ ತೆಗೆದಂತಿದೆ!

ಫೋಟೊ ತಿದ್ದುವುದು ಎಐ ಕಾಲದ ಚಟ ಅಂದುಕೊಂಡಿರಾ? 1860ರಲ್ಲಿ ನ್ಯೂಯಾರ್ಕಿನ ಛಾಯಾಗ್ರಾಹಕ ಮ್ಯಾಥ್ಯೂ ಬ್ರೇಡಿ ಅಬ್ರಹಾಂ ಲಿಂಕನ್ನರ ಕಾಲರನ್ನು ಮೇಲಕ್ಕೆಳೆದು ಅವರ ಉದ್ದ ಕುತ್ತಿಗೆಯನ್ನು ಮುಚ್ಚಿಸಿದ. ಆ ಚಿತ್ರ ದೇಶವೆಲ್ಲ ಸುತ್ತಿತು. ಲಿಂಕನ್ ಅಧ್ಯಕ್ಷರೂ ಆದರು! ಅವರು ತೀರಿಕೊಂಡ ಮೇಲೆ ಇನ್ನೂ ದೊಡ್ಡ ಕೈಚಳಕ ನಡೆಯಿತು. ಜಾನ್ ಕ್ಯಾಲ್‌ಹೂನ್ ಎಂಬ ಬೇರೊಬ್ಬ ರಾಜಕಾರಣಿಯ ಮೈಗೆ ಲಿಂಕನ್ನರ ತಲೆ ಕೂಡಿಸಿ ಚಿತ್ರ ಅಚ್ಚು ಹಾಕಿದರು!

ಈಗ ನಮ್ಮ ನಿಜಾಮರ ಸೀಮೆಗೆ ಬನ್ನಿ. ಸೇಡಂ, ಚಿತ್ತಾಪುರ, ಚಿಂಚೋಳಿ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನ್ ದಯಾಳ್. ಅವರ ಒಂದು ಸ್ಟುಡಿಯೊ ಸಿಕಂದರಾಬಾದಿನಲ್ಲಿ, ಇನ್ನೊಂದು ಮುಂಬೈಯಲ್ಲಿ. ಈ ಎರಡು ಊರಿನ ನಡುವಿನ ರೈಲು ದಾರಿಯ ಕೂಡುಸ್ಥಳ ಯಾವುದು? ನಮ್ಮ ವಾಡಿ ಜಂಕ್ಷನ್! ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ.

ಇದೇ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಏನು ಮಾಡಿದರು ಗೊತ್ತೇ? ಹೆಂಗಸರಿಗೆಂದೇ ಒಂದು ಜನಾನಾ ಸ್ಟುಡಿಯೊ ತೆರೆದರು! ಸುತ್ತ ಎತ್ತರದ ಗೋಡೆ. ಗಂಡಸರು ಕಾಲಿಡುವಂತಿಲ್ಲ. ಕ್ಯಾಮೆರಾ ಹಿಡಿದು ನಡೆಸುತ್ತಿದ್ದವರು ಒಬ್ಬ ಆಂಗ್ಲ ಮಹಿಳೆ. ಪರದೆಯೊಳಗಿನ ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಪಟ ತೆಗೆಸಿಕೊಂಡರು. ನನ್ನ ಫೋಟೊ ಯಾರ ಕಣ್ಣಿಗೆ ಬೀಳುತ್ತದೆ ಎಂಬ ಅಂಜಿಕೆಗೆ ಅಂದೇ ಉತ್ತರ ಸಿಕ್ಕಿತ್ತು! ಇವತ್ತು ಹೆಸರೇ ಕೇಳದ ಆ್ಯಪ್‌ಗೆ ಮನೆ ಹೆಣ್ಣುಮಕ್ಕಳ ಫೋಟೊ ಹಾಕುವ ಮುಂಚೆ ಅದೇ ಪ್ರಶ್ನೆ ಕೇಳಿ. ಈ ಚಿತ್ರ ಎಲ್ಲಿಗೆ ಹೋಗುತ್ತದೆ? ಯಾರ ಹತ್ತಿರ ಉಳಿಯುತ್ತದೆ?

ಅಪರಿಚಿತರು ನಿಮ್ಮ ಮುಖ ನೋಡಿ ಒಂದು ಅಭಿಪ್ರಾಯಕ್ಕೆ ಬರಲು ಎಷ್ಟು ಹೊತ್ತು ಬೇಕು? ಸೆಕೆಂಡಿನ ಹತ್ತನೇ ಒಂದು ಪಾಲು! ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಇದನ್ನು ತೋರಿಸಿದರು. ನಂಬಿಕಸ್ಥನೋ ಅಲ್ಲವೋ, ಕೆಲಸ ಬಲ್ಲವನೋ ಅಲ್ಲವೋ, ಎಲ್ಲವೂ ಅಷ್ಟರಲ್ಲೇ ತೀರ್ಮಾನ. ಹೆಚ್ಚು ಹೊತ್ತು ತೋರಿಸಿದರೂ ತೀರ್ಪು ಅಷ್ಟಾಗಿ ಬದಲಾಗುವುದಿಲ್ಲ!

ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುತ್ತದೆ ಎಂದು ಬೇಸರವೇ? ತಪ್ಪು ಮೂಗಿನದಲ್ಲ, ದೂರದ್ದು! ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲ ಕಾಣುತ್ತದೆ. 2018ರಲ್ಲಿ ಅಮೆರಿಕದ ವೈದ್ಯರು ಹಾಕಿದ ಲೆಕ್ಕವಿದು. ಸಾರ್, ಮೂಗು ಸಣ್ಣ ಮಾಡುವ ಎಐ ಯಾಕೆ ಬೇಕು? ಫೋನನ್ನು ತಮ್ಮನ ಕೈಗೆ ಕೊಟ್ಟು, ಐದು ಅಡಿ ಹಿಂದೆ ಸರಿ ಅನ್ನಿ. ಮೂಗು ತಾನೇ ಸರಿಹೋಗುತ್ತದೆ!

ಸೇಡಮ್ಮಿನ ಹಳೆಯ ಸ್ಟುಡಿಯೊದವರು ಇದನ್ನು ಯಾವ ಅಧ್ಯಯನವೂ ಇಲ್ಲದೆ ಮಾಡುತ್ತಿದ್ದರು ನೋಡಿ. ನೀಲಿ ಪರದೆ, ಕೈಯಿಲ್ಲದ ಸ್ಟೂಲು, ಬಿಳಿ ಕೊಡೆಯ ಲೈಟು. ಕ್ಯಾಮೆರಾ ಮಾತ್ರ ಗೋಡೆಗಂಟಿ ದೂರ. “ಗದ್ದ ಸ್ವಲ್ಪ ಕೆಳಗ ಮಾಡ್ರಿ. ಹಾಂ, ಅಲಗ್ಯಾಡಬ್ಯಾಡ್ರಿ!” ಅಷ್ಟೇ. ಮುಗಿಯಿತು!

ಶಹಾಬಾದ್ ಕಲ್ಲು ಫೋಟೊ ತೆಗೆಯಲೂ ಉಪಕಾರಿ ಎಂದರೆ ನಂಬುತ್ತೀರಾ? ಫರ್ಸಿ ಹಾಸಿದ ಪಡಸಾಲೆಯ ನೆರಳಲ್ಲಿ, ತೆರೆದ ಬಾಗಿಲ ಕಡೆ ಮುಖ ಮಾಡಿ ನಿಲ್ಲಿ. ಹೊರಗಿನ ಬೆಳಕು ನೆಲದ ತಿಳಿ ಬೂದು ಕಲ್ಲಿಗೆ ಬಡಿದು ಕೆಳಗಿನಿಂದ ನಿಮ್ಮ ಮುಖಕ್ಕೆ ಚಿಮ್ಮುತ್ತದೆ. ಕಣ್ಣಿನ ಕೆಳಗಿನ, ಗದ್ದದ ಕೆಳಗಿನ ನೆರಳು ಹಗುರಾಗುತ್ತದೆ. ಸ್ಟುಡಿಯೊದವರು ದುಡ್ಡು ಕೊಟ್ಟು ತರುವ ರಿಫ್ಲೆಕ್ಟರ್ ನಿಮ್ಮ ಮನೆಯಲ್ಲೇ ಹಾಸಿದೆ! ಇಂಥ ಫೋಟೊ ಕೊಟ್ಟರೆ ಎಐಗೆ ತಿದ್ದಲು ಹೆಚ್ಚು ಕೆಲಸವೇ ಉಳಿಯುವುದಿಲ್ಲ. ಮುಖ ಹಾಗೇ ಇರುತ್ತದೆ.

ಚಾಕೊಲೇಟಿಗೂ ನಮ್ಮ ಮೈಬಣ್ಣಕ್ಕೂ ಏನು ನಂಟು? ದೊಡ್ಡ ನಂಟು! ಕೊಡಾಕ್ ಕಂಪನಿಯ ಬಣ್ಣದ ಫಿಲಂ ಬಹುಕಾಲ ಬಿಳಿಯ ಹೆಣ್ಣೊಬ್ಬಳ ಚಿತ್ರವನ್ನೇ ಅಳತೆಗೋಲು ಮಾಡಿಕೊಂಡಿತ್ತು. ‘ಶರ್ಲಿ ಕಾರ್ಡ್’ ಎಂದು ಅದರ ಹೆಸರು. ಕಪ್ಪು, ಕಂದು ಮೈಬಣ್ಣ ಸರಿಯಾಗಿ ಮೂಡುತ್ತಿರಲಿಲ್ಲ. ಕಂದುಬಣ್ಣವನ್ನು ಕಂಪನಿ ಸುಧಾರಿಸಲು ಹೊರಟಾಗ ಅದರ ಹಿಂದೆ ದೊಡ್ಡ ದನಿಯ ದೂರು ಯಾರದು ಗೊತ್ತೇ? ಚಾಕೊಲೇಟ್ ಮಾಡುವವರದು, ಮರದ ಪೀಠೋಪಕರಣ ಮಾಡುವವರದು! ಜಾಹೀರಾತಿನಲ್ಲಿ ನಮ್ಮ ಮಾಲಿನ ಬಣ್ಣ ಸರಿ ಬರುತ್ತಿಲ್ಲ ಎಂದು ಅವರು ದೂರಿದ್ದರು!

ಎಐ ಬಂದ ಮೇಲಾದರೂ ಈ ರೋಗ ವಾಸಿಯಾಯಿತೇ? ಮೂರು ಕಂಪನಿಗಳ ಮುಖ ಗುರುತಿಸುವ ತಂತ್ರಾಂಶವನ್ನು ಜಾಯ್ ಬುಲಾಮ್ವಿನಿ, ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷಿಸಿದರು. ಗಂಡೋ ಹೆಣ್ಣೋ ಹೇಳಬೇಕು, ಅಷ್ಟೇ. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇಕಡಾ 0.8 ದಾಟಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ? ಶೇಕಡಾ 34.7ರವರೆಗೆ!

2023ರಲ್ಲಿ ಅಮೆರಿಕದ ಎಂಐಟಿಯ ಏಷ್ಯಾ ಮೂಲದ ವಿದ್ಯಾರ್ಥಿನಿಯೊಬ್ಬಳು ತನ್ನ ಫೋಟೊ ಕೊಟ್ಟು, ಕೆಲಸಕ್ಕೆ ಒಪ್ಪುವ ಹಾಗೆ ಮಾಡು ಎಂದು ಎಐಗೆ ಹೇಳಿದಳು. ಅದು ಅವಳ ಮೈಬಣ್ಣ ತಿಳಿಯಾಗಿಸಿತು. ಕಣ್ಣನ್ನು ನೀಲಿ ಮಾಡಿಬಿಟ್ಟಿತು! ಬಿಸಿಲಲ್ಲಿ ದುಡಿಯುವ ನಮ್ಮ ಸೀಮೆಯವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ‘ಚಂದ ಮಾಡು’ ಎಂದರೆ ಅದು ಯಾರದೋ ಚಂದ ತಂದು ಹಚ್ಚುತ್ತದೆ.

ಹಾಗಾದರೆ ಏನು ಹೇಳಬೇಕು? ಕನ್ನಡದಲ್ಲೇ ಹೇಳಿ! ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು. ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಅದರಲ್ಲಿವೆ. ಚಿಂಚೋಳಿ ಸಂತೆಯಲ್ಲಿ ಕಿವಿಗೆ ಬೀಳುವ ಮಾತುಗಳೆಲ್ಲ ಅದಕ್ಕೆ ಗೊತ್ತು! ‘ಹಿನ್ನೆಲೆ ಮಾತ್ರ ಸಾದಾ ಬೂದು ಬಣ್ಣ ಮಾಡು. ಮುಖ, ಮೈಬಣ್ಣ, ಮೀಸೆ, ಕುಂಕುಮ ಮುಟ್ಟಬೇಡ.’ ಇಷ್ಟು ಸಾಕು. ಬಂದ ಚಿತ್ರವನ್ನು ಅಸಲಿನ ಪಕ್ಕ ಇಟ್ಟು ನೋಡಿ. ಹಲ್ಲು, ಕಿವಿ, ಬೆರಳು ಎಣಿಸಿ. ಮಚ್ಚೆ ಮಾಯವಾಗಿದ್ದರೆ ವಾಪಸು ತರಿಸಿ!

ಚಿತ್ರದೊಳಗೆ ಅಂಗಡಿಯ ಬೋರ್ಡು ಬರೆಸುವಾಗ ಮಾತ್ರ ಹುಷಾರು. ಎಷ್ಟೋ ಎಐ ಸಾಧನಗಳು ಕನ್ನಡದ ಒತ್ತಕ್ಷರ ಕಂಡರೆ ತಡವರಿಸುತ್ತವೆ. ‘ಚಿತ್ತಾಪುರ’ ಎಂದು ಬರೆ ಅಂದರೆ ತಕಾರದ ಒತ್ತು ಎಲ್ಲೋ ತೇಲಿ ಹೋದೀತು! ಚಿತ್ರ ಎಐನಿಂದ ಬರಲಿ, ಅಕ್ಷರ ಮಾತ್ರ ನೀವೇ ಫಾಂಟ್ ಹಾಕಿ ಕೂಡಿಸಿ.

ಅಜ್ಜನ ಮಸುಕು ಫೋಟೊ ಎಐ ಕೈಗೆ ಕೊಟ್ಟರೆ ಥಳಥಳ ಹೊಳೆಯುತ್ತದೆ, ನಿಜ. ಆದರೆ ಅದು ಅಜ್ಜನ ಮುಖವೇನು? 2020ರಲ್ಲಿ ಬರಾಕ್ ಒಬಾಮಾರ ಮಸುಕು ಚಿತ್ರವನ್ನು ‘ಪಲ್ಸ್’ ಎಂಬ ಸಾಧನಕ್ಕೆ ಕೊಟ್ಟು ಸ್ಪಷ್ಟ ಮಾಡಿಸಿದರು. ಹೊರಬಂದದ್ದು ಒಬ್ಬ ಬಿಳಿಯ ಗಂಡಸು! ಕಾಣದ ಜಾಗವನ್ನು ಅದು ಊಹಿಸಿ ತುಂಬುತ್ತದೆ. ಹಳೆ ಅಂಗಡಿಯ ಗಲ್ಲಾದ ಮೇಲೆ ಸ್ಥಾಪಕರ ಪಟ ಹಾಕುವವರು ಮನೆಯ ಹಿರಿಯರಿಗೊಮ್ಮೆ ತೋರಿಸಿ ಒಪ್ಪಿಗೆ ಪಡೆಯಿರಿ.

ಇಲ್ಲದ ಮನುಷ್ಯರ ಮುಖ ಇರುವವರ ಮುಖಕ್ಕಿಂತ ನಂಬಿಕಸ್ಥವಾಗಿ ಕಾಣುತ್ತದಂತೆ! 2022ರ ಒಂದು ಅಧ್ಯಯನದಲ್ಲಿ ಎಐ ಸೃಷ್ಟಿಸಿದ ಮುಖಗಳಿಗೆ ಜನ ಅಸಲಿ ಮುಖಗಳಿಗಿಂತ ತುಸು ಹೆಚ್ಚೇ ನಂಬಿಕೆಯ ಅಂಕ ಕೊಟ್ಟರು. ಯಾವುದು ಅಸಲಿ, ಯಾವುದು ನಕಲಿ ಎಂದು ಗುರುತಿಸುವಲ್ಲಿ ಅವರ ಅಂಕ ಶೇಕಡಾ 48ರ ಆಸುಪಾಸು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು!

ಜೆಮಿನಿಯಲ್ಲಿ ಮಾಡಿದ, ತಿದ್ದಿದ ಚಿತ್ರದೊಳಗೆ ಕಣ್ಣಿಗೆ ಕಾಣದ ಮುದ್ರೆ ಇರುತ್ತದೆ, ಗೊತ್ತೇ? ‘ಸಿಂಥ್‌ಐಡಿ’ ಎಂದು ಅದರ ಹೆಸರು. ನೀವು ಬಾಯಿ ಬಿಡದಿದ್ದರೂ ಚಿತ್ರವೇ ಹೇಳಿಬಿಡುತ್ತದೆ!

ಪಾಸ್‌ಪೋರ್ಟಿಗೆ ಇಂಥ ಚಿತ್ರ ಒಯ್ಯಬೇಡಿ. ಸಾಫ್ಟ್‌ವೇರ್‌ನಿಂದ ತಿದ್ದಿದ ಮುಖ ಅಲ್ಲಿ ನಡೆಯುವುದಿಲ್ಲ!

ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಯಾಕೆ ಬಂತು ಹೇಳಿ? ಒಂದೇ ಹೆಸರಿನವರ ಕಾಟಕ್ಕೆ! 2015ರಲ್ಲಿ ಫೋಟೊ ಬಂತು. 2025ರ ಬಿಹಾರ ಚುನಾವಣೆಯಿಂದ ಬಣ್ಣವೂ ಬಂತು. ಫೋಟೊ ಜಾಗದ ಮುಕ್ಕಾಲು ಪಾಲು ಮುಖವೇ ಇರಬೇಕೆಂದು ಚುನಾವಣಾ ಆಯೋಗದ ನಿಯಮ. ನಿಮ್ಮ ವಾಟ್ಸ್ಆ್ಯಪ್ ಡಿಪಿಗೂ ಇದೇ ಅಳತೆ ಹಿಡಿಯಿರಿ. ಬೆರಳುಗುರಿನಷ್ಟು ವೃತ್ತದಲ್ಲಿ ಪೂರ್ತಿ ಆಳು, ಹಿಂದೆ ಬೈಕು, ಅದರ ಹಿಂದೆ ಗುಡ್ಡ ಹಾಕಿದರೆ ಯಾರಿಗೆ ಕಂಡೀತು? ಅದೇ ಆಯೋಗ ಪ್ರಚಾರದ ಎಐ ಚಿತ್ರಗಳ ಮೇಲೆ ಕನಿಷ್ಠ ಶೇಕಡಾ 10ರಷ್ಟು ಜಾಗದಲ್ಲಿ ‘ಇದು ಎಐ’ ಎಂದು ಬರೆಯಲೂ ಹೇಳಿದೆ. ಹುಟ್ಟುಹಬ್ಬದ ಬ್ಯಾನರ್ ಮಾಡಿಸುವವರೂ ಈ ಒಳ್ಳೆ ರೂಢಿ ಹಿಡಿದರೆ ಎಷ್ಟು ಚೆಂದ!

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತು. ಚಿಂಚೋಳಿ, ಸೇಡಂ ಕಡೆಯ ರೈತರು ಬೇಳೆ ಪೊಟ್ಟಣದ ಮೇಲೆ ತಮ್ಮದೇ ಮುಖ ಹಾಕುವುದಾದರೆ ಮುಂಜಾನೆಯ ಎಳೆಬಿಸಿಲಲ್ಲಿ ಹೊಲದಲ್ಲೇ ನಿಂತು ತೆಗೆಸಿಕೊಳ್ಳಲಿ. ಹಿಂದಿನ ತಂತಿ, ಪ್ಲಾಸ್ಟಿಕ್ ಚೀಲವನ್ನು ಎಐ ಒಂದೇ ಗಳಿಗೆಯಲ್ಲಿ ಅಳಿಸುತ್ತದೆ. ಕೈಯಲ್ಲಿನ ಬೇಳೆ ಮಾತ್ರ ಅಸಲಿಯೇ ಇರಲಿ. ಕೊಳ್ಳುವವರು ಕಾಸು ಕೊಡುವುದು ಅದಕ್ಕೆ!

ಕನ್ನಡಿಯಲ್ಲಿ ಚೆಂದ ಕಂಡವರು ಫೋಟೊದಲ್ಲಿ ಯಾಕೋ ಬೇರೆ ಕಾಣುತ್ತಾರೆ, ಅಲ್ಲವೇ? 1977ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ನಮಗೆ ನಮ್ಮ ಕನ್ನಡಿ ಮುಖ ಇಷ್ಟ, ಗೆಳೆಯರಿಗೆ ನಮ್ಮ ನೇರ ಮುಖ ಇಷ್ಟ. ಅವರವರು ದಿನಾ ಕಂಡದ್ದೇ ಅವರವರಿಗೆ ಚೆಂದ!

ಕಟ್ಟಕಡೆಗೆ ಇದನ್ನು ಕೇಳಿ. ನಮ್ಮ ಒಳ್ಳೆಯ ಫೋಟೊ ಯಾವುದೆಂದು ಆರಿಸುವುದರಲ್ಲಿ ನಮಗಿಂತ ಅಪರಿಚಿತರೇ ಮೇಲು! ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ 2017ರ ಅಧ್ಯಯನ ಇದನ್ನು ತೋರಿಸಿತು. ಹಾಗಾಗಿ ಎಐ ಐದು ಚಿತ್ರ ಮಾಡಿಕೊಟ್ಟರೆ ನೀವೇ ಕೂತು ತಲೆ ಕೆರೆದುಕೊಳ್ಳಬೇಡಿ. ಐದನ್ನೂ, ಜತೆಗೆ ತಿದ್ದದ ಅಸಲಿಯನ್ನೂ, ನಿಮ್ಮನ್ನು ಅಷ್ಟಾಗಿ ಅರಿಯದ ನಾಲ್ಕು ಜನರಿಗೆ ತೋರಿಸಿ. “ಇವರಲ್ಲಿ ಯಾರ ಅಂಗಡಿಗೆ ಹೋಗ್ತೀರಿ?” ಎಂದು ಕೇಳಿ. ಅವರು ಬೆರಳಿಟ್ಟ ಫೋಟೊವನ್ನೇ ಡಿಪಿಗೆ ಹಾಕಿ!